ಕೆಂಚನ ಸರದಿ

ಡಿಸೆಂಬರ್ ಮೊದಲ ವಾರ ಮೂರು ರಾತ್ರಿ ಇಂದ್ರಮ್ಮನ ನಾಯಿ ಕೆಂಚನನ್ನು ಚಿರತೆ ಹಿಡಿಯುವ ಬೋನಿನೊಳಗೆ ಬಿಟ್ಟು ಬಾಗಿಲು ಹಾಕಿದರು. ಬೋನು ಜಯಪ್ರಕಾಶನ ಕಬ್ಬಿನ ಗದ್ದೆಯ ಬದುವಿನ ಮೇಲಿತ್ತು. ಅದರಲ್ಲಿ ಎರಡು ಭಾಗ. ಮುಂದಿನದು ಚಿರತೆಗೆ, ಹಿಂದಿನದು ನಾಯಿಗೆ, ನಡುವೆ ಕಬ್ಬಿಣದ ಜಾಲರಿ. ಎರಡನೆಯ ರಾತ್ರಿ ಚಿರತೆ ಬಂತು. ಒಳಗೆ ಹೋಗಲಿಲ್ಲ. ಬೋನಿನ ಸುತ್ತ ತಿರುಗಿ, ಹಿಂದುಗಡೆಯ ಸರಳುಗಳನ್ನು ಉಗುರಿನಿಂದ ಕೆರೆದು, ಅಲ್ಲೇ ಮಲಗಿದ್ದು ಎದ್ದು ಹೋಗಿತ್ತು. ಅದು ಮಲಗಿದ್ದಲ್ಲಿ ಹುಲ್ಲು ಒರಗಿದ್ದನ್ನು ಬೆಳಿಗ್ಗೆ ಹೋದವರೆಲ್ಲ ನೋಡಿದರು. ಅಲ್ಲಿಂದ ನಾಯಿಗೆ ಒಂದು ಮೊಳ. ಮೂರನೆಯ ರಾತ್ರಿ ನಾಯಿ ಬೊಗಳಲಿಲ್ಲ. ಮಾರನೆಯ ಬೆಳಿಗ್ಗೆ ಬಿಟ್ಟರು.

ಬೋನು ತಂದಿಟ್ಟ ಅರಣ್ಯ ಇಲಾಖೆಯವರು ಮೇಕೆ ಕಟ್ಟಿ ಎಂದು ಹೇಳಿ ಹೋಗಿದ್ದರು. ಯಾರ ಮೇಕೆ ಎಂಬ ಮಾತು ಬಂದಾಗ ಊರಿನ ಗಂಡಸರು ಅರಳಿಕಟ್ಟೆಯಲ್ಲಿ ಕೂತು ಸರದಿ ಗೊತ್ತು ಮಾಡಿದರು. ಮನೆಗೆ ಮೂರು ರಾತ್ರಿ. ಮೇಕೆಯಾದರೂ ಸರಿ, ನಾಯಿಯಾದರೂ ಸರಿ. ಈ ಊರಿನಲ್ಲಿ ನಾಲೆಯ ನೀರಿಗೂ ಸರದಿಯೇ ಇರುವುದು. ನೀರಿನ ಸರದಿ ತೂಬಿನ ಪಕ್ಕದ ಜಯಪ್ರಕಾಶನ ಗದ್ದೆಯಿಂದ ಶುರುವಾಗುತ್ತದೆ. ಕೊನೆಭಾಗದ ಇಂದ್ರಮ್ಮನ ಅರ್ಧ ಎಕರೆಗೆ ಬರುವಷ್ಟರಲ್ಲಿ ಎಷ್ಟೋ ಸಲ ನಾಲೆಯೇ ನಿಂತಿರುತ್ತದೆ. ಬೋನಿನ ಸರದಿಯನ್ನು ಮಾತ್ರ ಕೊನೆಭಾಗದಿಂದ ಶುರು ಮಾಡಿದರು. ಜಯಪ್ರಕಾಶ ಇಂದ್ರಮ್ಮನಿಗೆ ಬಾವ, ಗಂಡನ ಒಡಹುಟ್ಟಿದ ಅಣ್ಣ. ಅವನೇ ಕಟ್ಟೆಯ ಮೇಲೆ ಹೇಳಿದ್ದ: "ನಮ್ಮೋರಿಂದ್ಲೇ ಸುರುವಾಗ್ಲಿ. ಆಮೇಲೆ ಯಾವನೂ ಬಾಯಿ ಬುಡಂಗಿಲ್ಲ."

ಇಂದ್ರಮ್ಮನ ಗಂಡ ಅಣ್ಣನ ಟ್ರ್ಯಾಕ್ಟರಿನಲ್ಲೇ ಭಾರತೀನಗರದ ಕಾರ್ಖಾನೆಗೆ ಕಬ್ಬು ಹೊಡೆಯುವವನು. ಕಬ್ಬು ಅರೆಯುವ ತಿಂಗಳುಗಳಲ್ಲಿ ಗಾಡಿಗಳ ಸಾಲಿನಲ್ಲೇ ಅವನ ಊಟ, ಅಲ್ಲೇ ನಿದ್ದೆ. ಮನೆಯಲ್ಲಿ ಇಂದ್ರಮ್ಮ ಮತ್ತು ಕೆಂಚ ಇಬ್ಬರೇ.

ಸರದಿ ಮುಗಿದು ಬಿಟ್ಟ ದಿನ ಕೆಂಚ ತಾನೇ ದಾರಿ ಹಿಡಿದು ಮನೆಗೆ ಬಂದ. ಓಡಿ ಬರಲಿಲ್ಲ, ನಡೆದು ಬಂದ. ಇಂದ್ರಮ್ಮ ಬಚ್ಚಲ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದವಳು ತಿರುಗಿ ನೋಡಿದಳು. ಮೈಮೇಲೆ ಗಾಯವಿರಲಿಲ್ಲ. ಕಾಲು ನೆಟ್ಟಗಿದ್ದವು. ಕಿವಿ, ಬಾಲ ಎಲ್ಲವೂ ಇದ್ದವು. "ಬಂದ್ಯಾ ಮಗಾ" ಎಂದಳು. ನಾಯಿ ಬಾಗಿಲ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಬೀದಿಯ ಕಡೆ ಮುಖ ಮಾಡಿ ಕೂತಿತು.

ಚಳಿಗಾಲದ ಬೆಳಗೆಂದರೆ ಆ ಮನೆಯಲ್ಲಿ ಮೊದಲು ಏಳುತ್ತಿದ್ದವನು ಕೆಂಚ. ಇಂದ್ರಮ್ಮ ಕಡ್ಡಿ ಗೀರುವ ಮುಂಚೆಯೇ ಒಲೆಯ ಮುಂದೆ ಹೋಗಿ ಕೂರುತ್ತಿದ್ದ. ನಿನ್ನೆಯ ಬೂದಿಯಲ್ಲಿ ಮೂತಿ ಆಡಿಸಿ ಸೀನುತ್ತಿದ್ದ. ಹಂಡೆಯ ನೀರು ಸದ್ದು ಮಾಡುವ ಹೊತ್ತಿಗೆ ಹೊಟ್ಟೆ ಮೇಲು ಮಾಡಿಕೊಂಡು ಬಿದ್ದಿರುತ್ತಿದ್ದ. ಅವನನ್ನು ದಾಟಿಕೊಂಡೇ ನೀರು ತೋಡಬೇಕಿತ್ತು. "ಎದ್ದೇಳೋ ಯಜಮಾನ, ನಿಂಗೇನು ಬಾಣಂತನವಾ?" ಎಂದು ಬೈಯುತ್ತಾ ಅವಳೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಗೈ ಕಾಯಿಸಿಕೊಳ್ಳುತ್ತಿದ್ದಳು. ಒಂದೊಂದು ದಿನ ನೀರು ಕುದಿದು ಹೋದರೂ ಇಬ್ಬರೂ ಏಳುತ್ತಿರಲಿಲ್ಲ.

ಈಗಲೂ ಒಲೆ ಉರಿಯುತ್ತಿತ್ತು. ಅವಳು ಕರೆದಳು. ಕರೆದದ್ದಕ್ಕೆ ಬಂದ, ತೋರಿಸಿದ ಕಡೆ ಕೂತ. ಬೆಂಕಿ ಅವನ ಮುಖದ ಮೇಲೆ ಆಡುತ್ತಿತ್ತು. ಅವನು ಬೆಂಕಿಯನ್ನು ನೋಡುತ್ತಿರಲಿಲ್ಲ. ಇಂದ್ರಮ್ಮ ಪಕ್ಕದಲ್ಲಿ ಕೂತು ಕೈ ಚಾಚಿದಳು. ಅಂಗೈ ಬಿಸಿಯಾಯಿತು. ಬಿಸಿಯಾಯಿತು ಎಂದು ತಿಳಿಯಿತು, ಅಷ್ಟೇ.

ಬೆಳಿಗ್ಗೆ ಬಿಟ್ಟು ಸಂಜೆ ಮತ್ತೆ ಒಯ್ಯುತ್ತಿದ್ದ ಆ ಮೂರು ದಿನವೂ ಅವನ ಕುತ್ತಿಗೆಗೆ ಹಗ್ಗ ಕಟ್ಟಿದ್ದವಳು ಅವಳೇ. ಬೇರೆಯವರು ಕುತ್ತಿಗೆ ಮುಟ್ಟಿದರೆ ಕೆಂಚ ಗುರ್ ಎನ್ನುತ್ತಿದ್ದ. ಜಯಪ್ರಕಾಶನ ಮನೆಯ ಆಳು ಬಂದು ನಿಂತಾಗ ಅವಳೇ ಗಂಟು ಹಾಕಿ, ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡಿ, ಕಳಿಸಿದ್ದಳು. ಮೊದಲ ದಿನ ಎಲ್ಲಿಗೋ ತಿರುಗಾಡಲು ಹೊರಟವನ ಹಾಗೆ ಬಾಲ ಆಡಿಸಿಕೊಂಡು ಹೋಗಿದ್ದ.

ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಮಾದಯ್ಯ ದಿನವೂ ಬೆಳಿಗ್ಗೆ ಒಣಗಿದ ಕಬ್ಬಿನ ಗರಿ ಗುಡ್ಡೆ ಹಾಕಿ ಬೆಂಕಿ ಮಾಡುತ್ತಿದ್ದ. ಮಂಜಿನಲ್ಲಿ ಎದುರಿನ ಮನೆಯೂ ಕಾಣದ ಹೊತ್ತು. ಇಂದ್ರಮ್ಮ ಕೆಂಚನನ್ನು ಕರೆದುಕೊಂಡು ಅಲ್ಲಿಗೂ ಹೋದಳು. ಮಂಕಿಟೋಪಿಯೊಳಗಿಂದ ಮಾದಯ್ಯನ ಮೂಗು, ಬೀಡಿ ಎರಡೇ ಕಾಣುತ್ತಿದ್ದವು.

"ಏನಮ್ಮಿ ಇಂದ್ರಿ, ನಿನ್ ನಾಯಿ ಸನ್ಯಾಸ ತಕಂಡದಾ? ಮಾತೇ ಆಡಕಿಲ್ವಲ್ಲ."

"ಆ ಬೋನಲ್ಲಿ ನಿನ್ನ ಕೂರ್ಸಿದ್ರೆ ಗೊತ್ತಾಗದು ಮಾವಯ್ಯ."

"ನನ್ನ ಕೂರ್ಸಿದ್ರೆ ಚಿರ್ತೆ ವಾಸ್ನೆಗೇ ಓಡೋಯ್ತಿತ್ತು ಬುಡು. ಈ ಚಳೀಲಿ ನೀರು ಉಯ್ಕಂಡು ಎಂಟು ದಿನಾಯ್ತು."

ಅವಳು ನಗಬೇಕಾದ ಕಡೆ ನಕ್ಕಳು. ಮಾದಯ್ಯ ಬೆಂಕಿಯಲ್ಲಿ ಸುಡಲು ಹಾಕಿದ್ದ ಗೆಣಸನ್ನು ಕಡ್ಡಿಯಿಂದ ಈಚೆಗೆ ಎಳೆದು, ಊದಿ, ಒಂದು ತುಂಡು ಕೆಂಚನ ಮುಂದೆ ಎಸೆದ. ಮೊದಲಾಗಿದ್ದರೆ ಅದು ನೆಲಕ್ಕೆ ಬೀಳುತ್ತಲೇ ಇರಲಿಲ್ಲ. ಈಗ ಕೆಂಚ ಮೂಸಿ, ತಿಂದ. ತಿನ್ನುವುದನ್ನು ಬಿಟ್ಟಿರಲಿಲ್ಲ.

"ಇವತ್ತಿಂದ ನಂದು ಸರದಿ" ಎಂದ ಮಾದಯ್ಯ. "ಕುಂಟಮೇಕೆ ಕೊಡ್ತಾವ್ನಿ. ಇನ್ನೇನ್ ಮಾಡದು, ನಾವು ಕೊನೆಭಾಗದೋರು."

ಆ ಮೇಕೆ ಮೊದಲ ರಾತ್ರಿ ಸ್ವಲ್ಪ ಹೊತ್ತು ಅರಚಿತಂತೆ. ಆಮೇಲೆ ಹಾಕಿದ ಸೊಪ್ಪು ತಿಂದು ಮಲಗಿತಂತೆ. ಮೂರು ದಿನವೂ ಚಿರತೆ ಆ ಕಡೆ ಸುಳಿಯಲಿಲ್ಲ.

ಶನಿವಾರ ಬಿಸಿಲು ಬೇಗ ಬಂತು. ಇಂದ್ರಮ್ಮ ರಾಗಿ ಮೆದೆ ಹಾಕಿದ್ದ ಕಣಕ್ಕೆ ಹೊರಟಳು. ಕೆಂಚ ಹಿಂದೆ ಬಂದ. ಬದುವಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇತ್ತು. ಅವಳ ಸೀರೆಯ ಅಂಚು, ಅವನ ಹೊಟ್ಟೆ ಎರಡೂ ನೆನೆದವು. ಪ್ರತಿ ವರ್ಷ ಈ ದಿನಗಳಲ್ಲಿ ಕೆಂಚ ಮೆದೆಯ ಬುಡದಲ್ಲಿ ಮುಂಗಾಲಿನಿಂದ ಹುಲ್ಲು ಕೆದರಿ ಒಂದು ಗೂಡು ಮಾಡಿಕೊಳ್ಳುತ್ತಿದ್ದ. ಒಳಗೆ ಸೇರಿದರೆ ಬರೀ ಮೂತಿ ಹೊರಗೆ. ಯಾರಾದರೂ ಬಂದರೆ ಹುಲ್ಲಿನೊಳಗಿಂದಲೇ ಒಂದು ಬೊಗಳು. ಮೆದೆಯೇ ಬೊಗಳಿತು ಎಂದು ದಾರಿಹೋಕರು ಬೆಚ್ಚಿ, ಆಮೇಲೆ ಬೈದು ಹೋಗುತ್ತಿದ್ದರು.

ಈ ವರ್ಷ ಗೂಡು ಇರಲಿಲ್ಲ. ಇಂದ್ರಮ್ಮ ತಾನೇ ಮಂಡಿಯೂರಿ ಹುಲ್ಲು ಎಳೆದು ಗೂಡು ಮಾಡಿದಳು. ಹುಲ್ಲಿನ ಮೊನೆ ಚುಚ್ಚಿ ಬೆರಳಲ್ಲಿ ರಕ್ತ ಬಂತು. ಚಳಿಗೆ ಬೆರಳು ಜೋಮು ಹಿಡಿದಿತ್ತು, ನೋಯಲಿಲ್ಲ. ಕೆಂಚನನ್ನು ಎತ್ತಿ ಒಳಗೆ ಕೂರಿಸಿದಳು. ತಾನೂ ಮೆದೆಗೆ ಒರಗಿ, ಮಡಿಲಿನಲ್ಲಿ ತಂದಿದ್ದ ಅವರೆಕಾಯಿ ಸುಲಿಯತೊಡಗಿದಳು. ಬಿಸಿಲು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಎದೆಗೆ. ಬೆರಳಿಗೆಲ್ಲ ಅವರೆಯ ಸೊಗಡು ಹತ್ತಿತು. ಒಂದು ಹುಳುಕು ಕಾಯನ್ನು ಕೆಂಚನ ಕಡೆ ಎಸೆದಳು. ಅದು ಅವನ ಕಾಲ ಮುಂದೆ ಬಿದ್ದಿತ್ತು. ಹಾಗೆ ಎಷ್ಟು ಹೊತ್ತು ಕೂತಿದ್ದರೋ.

ನೀರು ಕುಡಿದು ಬರಲು ನಾಲೆಯ ಕಡೆ ಎದ್ದು ಹೋದಳು. ಜಾಲಿ ಪೊದೆಯ ತಿರುವು ದಾಟಿದಳೋ ಇಲ್ಲವೋ, ಹಿಂದೆ ಒಂದು ಸದ್ದು ಕೇಳಿಸಿತು. ಸಣ್ಣ ಮರಿಯ ಕುಂಯ್‌ಗುಟ್ಟುವಿಕೆಯ ಹಾಗೆ. ನಿಂತಳು. ವಾಪಸು ಬಂದಳು. ಕೆಂಚ ಗೂಡಿನಿಂದ ಎದ್ದು ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ಇಂದ್ರಮ್ಮ ಮತ್ತೆ ತಿರುವಿನ ಆಚೆಗೆ ಹೋಗಿ ಮರೆಯಲ್ಲಿ ನಿಂತಳು. ಮತ್ತೆ ಅತ್ತ, ಈ ಸಲ ಜೋರಾಗಿ. ಏಳು ದಿನದಿಂದ ಮನೆಯಲ್ಲಿ ಇಲ್ಲದ ಗಂಟಲು ಅದು. ಇನ್ನೊಂದು ಸಲವೂ ಹೋಗಿ ನಿಂತು ಕೇಳಿ, ಓಡಿ ಬಂದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಮನೆಗೆ ಬರುವಾಗ ದಾರಿಯಲ್ಲಿ ಓರಗಿತ್ತಿ ಮೋಹಿನಿ ಸಿಕ್ಕಿದಳು. ಜಯಪ್ರಕಾಶನ ಹೆಂಡತಿ. ಕೈಯಲ್ಲಿ ಸರಪಳಿ, ಸರಪಳಿಯ ತುದಿಯಲ್ಲಿ ಅವರ ಮನೆಯ ಸಾಕುನಾಯಿ ರೂಬಿ. ಅದಕ್ಕೆ ಮೈಸೂರಿನಿಂದ ತಂದ ಕೆಂಪು ಸ್ವೆಟರ್ ತೊಡಿಸಿದ್ದರು.

"ಅಕ್ಕ, ಇವತ್ತು ಕೆಂಚ ಅತ್ತ!" ಎಂದಳು ಇಂದ್ರಮ್ಮ.

"ಅಳದು ಒಳ್ಳೇದೇನೇ? ಯಾಕಂತೆ?"

"ನಾನು ಬುಟ್ಟೋಯ್ತೀನಿ ಅಂತ. ಮೂರು ಸಲ ಓಗಿ ಬಚ್ಚಿಟ್ಕಂಡೆ ಕಣಕ್ಕ, ಮೂರು ಸಲಾನೂ ಅತ್ತ."

"ಪುಣ್ಯವಂತೆ ಕಣೆ ನೀನು. ಇದಕ್ಕೆ ಬಿಸ್ಕತ್ತು ಕೊಟ್ರೂ ನನ್ನ ಕಡೆ ತಿರುಗಿ ನೋಡಕಿಲ್ಲ, ಮಹಾರಾಣಿ" ಎಂದು ಮೋಹಿನಿ ನಿಜವಾಗಿಯೇ ಸಂತೋಷಪಟ್ಟಳು. ರಾತ್ರಿ ಗಂಡನಿಗೆ ಮುದ್ದೆ ಬಡಿಸುತ್ತಾ ಅದೇ ಸಂತೋಷದಲ್ಲಿ ಹೇಳಿದಳು.

ಭಾನುವಾರ ಬೆಳಗಾದಾಗ ಜಯಪ್ರಕಾಶನ ಕೊಟ್ಟಿಗೆಯ ಹಿಂದೆ ಕಟ್ಟಿದ್ದ ಕರು ಇರಲಿಲ್ಲ. ಹಗ್ಗದ ತುಂಡು ಇತ್ತು. ಕಬ್ಬು ಕಡಿಯಲು ಬಂದಿದ್ದ ಆಳುಗಳು ಗದ್ದೆಗೆ ಇಳಿಯುವುದಿಲ್ಲವೆಂದು ಗುಡಾರ ಕಿತ್ತರು.

ಆ ದಿನ ಇಳಿಹೊತ್ತಿನಲ್ಲಿ ಇಂದ್ರಮ್ಮ ಹಿತ್ತಲಿನ ಬಿಸಿಲಲ್ಲಿ ಹಿತಕಿದ ಬೇಳೆಗೆ ನೆನೆಸಿದ ಅವರೆ ಹಿಚುಕುತ್ತಾ ಕೂತಿದ್ದಳು. ಕೆಂಚನ ಬೆನ್ನು ಅವಳ ಕಾಲಿಗೆ ತಾಗಿತ್ತು. ಜಯಪ್ರಕಾಶ ಬಂದ. ಬಾವ ಬಂದರೆ ಎದ್ದು ನಿಲ್ಲುವುದು ಆ ಮನೆಗಳ ರೂಢಿ. ಸೆರಗು ಹೊದ್ದು ಎದ್ದು ನಿಂತಳು. ಅವನು ಹಿತ್ತಲ ಬಾಗಿಲ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಚೊಂಬು ಕೆಳಗಿಟ್ಟ.

"ಕರ ಓಯ್ತು, ಗೊತ್ತಾಯ್ತಾ?"

"ಗೊತ್ತಾಯ್ತು ಬಾವ."

"ಇವತ್ತು ಕೆಂಚನ್ನ ಕಳ್ಸಬೇಕು."

"ನಮ್ ಸರದಿ ಮುಗೀತಲ್ಲ ಬಾವ. ಮಾದಯ್ಯ ಮಾವಂದೂ ಆಯ್ತು. ಅವರ ಮ್ಯಾಲಿನ ಮನೆಯೋರದ್ದು ಈಗ."

"ಸರದಿ ಗಿರದಿ ಆಮ್ಯಾಕೆ ಮಾತಾಡನ ಕಣಮ್ಮ. ಚಿರ್ತೆ ಬೋನ್ ತಕ್ಕೆ ಬಂದಿದ್ದು ಈ ನಾಯಿ ಇದ್ದಾಗ್ಲೇ. ಇದಕ್ಕೂ ಅಭ್ಯಾಸ ಆಗೋಗದೆ. ಮೈಮ್ಯಾಲೆ ಒಂದು ಗೀರಾದ್ರೂ ಅದಾ, ತೋರ್ಸು."

ತೋರಿಸಲು ಇರಲಿಲ್ಲ. "ಅದು ಈಗ ಬೊಗಳಕಿಲ್ಲ" ಎಂದಳು.

"ಅದಕ್ಕೇ ನಾನೇ ಬಂದಿದ್ದು, ನಿನ್ನೂ ಕರ್ಕಂಡೋಗಕೆ." ಜಯಪ್ರಕಾಶನ ದನಿಯಲ್ಲಿ ಸಿಟ್ಟಿರಲಿಲ್ಲ. ಮೋಟಾರು ರಿಪೇರಿ ಮಾಡುವವನು ವಿವರಿಸುವ ಹಾಗೆ ವಿವರಿಸಿದ. "ಮೋಹಿನಿ ಯೋಳುದ್ಲು. ನೀನು ಬುಟ್ಟೋದ್ರೆ ಅಳ್ತದಂತಲ್ಲ. ಬೋನ್ ತಾವ ಬಾ. ವಸಿ ತಲೆ ಸವರು, ಮಾತಾಡ್ಸು. ಆಮ್ಯಾಕೆ ತಿರುಗಿ ನೋಡ್ದಂಗೆ ನಡ್ಕಂಡು ಬಂದ್ಬುಡು. ಬೆಳಗಾಗಗಂಟ ಕೂಗ್ತದೆ. ನಮಗೆ ಅಷ್ಟು ಸಾಕು."

ಇಂದ್ರಮ್ಮನ ಬೆರಳುಗಳ ನಡುವೆ ಒಂದು ಅವರೆಕಾಳು ಇತ್ತು. ಅದರ ಸಿಪ್ಪೆ ಜಾರಿ ಬೇಳೆ ಕೆಳಗೆ ಬಿತ್ತು.

"ನಿಮ್ಮನೆ ರೂಬಿ ಅದೆಯಲ್ಲ ಬಾವ" ಎಂದಳು.

"ಅದು ಚಳಿ ತಡಿಯಕಿಲ್ಲ ಕಣಮ್ಮ."

ಗೋಡೆಯಾಚೆ ಮಾದಯ್ಯ ಕೆಮ್ಮಿದ. ಕೇಳಿಸಿಕೊಳ್ಳುತ್ತಿದ್ದ. ಈಚೆಗೆ ಬರಲಿಲ್ಲ.

ಜಯಪ್ರಕಾಶ ಫೋನು ತೆಗೆದು ಸ್ಪೀಕರ್‌ಗೆ ಹಾಕಿದ. ಹಿಂದೆ ಟ್ರ್ಯಾಕ್ಟರುಗಳ ಹಾರನ್ನು, ಯಾರದೋ ಕೂಗಾಟ, ನಡುವೆ ಅವಳ ಗಂಡನ ದನಿ: "ಅಣ್ಣ ಯೋಳ್ದಂಗೆ ಕೇಳು ಇಂದ್ರಿ. ಒಂದು ರಾತ್ರಿ ತಾನೆ. ನಾಳೆ ಯಾರ್ದಾರ ಮಗೀಗೆ ಏನಾರ ಆದ್ರೆ ನಮ್ಮ ಎಸ್ರು ಬತ್ತದೆ. ಸಾಲು ಮುಂದಕ್ ಓಯ್ತಾದೆ, ಮಡಗ್ತೀನಿ." ಫೋನು ಕಡಿಯಿತು.

"ಕೇಳುಸ್ಕಂಡ್ಯಲ್ಲ" ಎಂದ ಜಯಪ್ರಕಾಶ. ಎದ್ದು ಪಂಚೆ ಕೊಡವಿದ. "ನಡಿ. ಬೆಳಕಿರುವಾಗ್ಲೇ ಓಗಿ ಬಂದ್ಬುಡನ."

ಇಂದ್ರಮ್ಮ ನಿಂತಿದ್ದಳು. ಮನಸ್ಸಿನಲ್ಲಿ ಏನೂ ಏಳಲಿಲ್ಲ, ಸಿಟ್ಟೂ ಇಲ್ಲ, ಅಳುವೂ ಇಲ್ಲ. ಹಾಗೆ ನಿಂತಿದ್ದವಳು ಕೆಂಚನ ಪಕ್ಕ ನೆಲಕ್ಕೆ ಕೂತಳು. ಅವರೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಕಾಳು ಹಿಚುಕಿದಳು.

ಜಯಪ್ರಕಾಶ ಅವಳ ತಲೆಯ ಮೇಲಿಂದ ನೋಡಿದ. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಅವಳು ಅವನ ಮುಂದೆ ಕೂತದ್ದನ್ನು ನೋಡಿರಲಿಲ್ಲ.

"ಎದ್ದೇಳಮ್ಮ" ಎಂದ.

"ಬರಕಿಲ್ಲ."

"ಏನಂದೆ?"

"ನಾನೂ ಬರಕಿಲ್ಲ. ಇವನೂ ಬರಕಿಲ್ಲ."

"ಯಾರ ಮುಂದೆ ಮಾತಾಡ್ತಿದ್ದೀಯ ಅಂತ ಗೊತ್ತಾ? ಎದ್ದೇಳು ಮೊದ್ಲು."

ಇನ್ನೊಂದು ಕಾಳು ಹಿಚುಕಿದಳು.

"ಏಳಕಿಲ್ಲ."