ಚೀಟಿಗೊಂದು ಮುದ್ರೆ

ಅಂಚೆಚೀಟಿ ಸಂಘದ ಅಧ್ಯಕ್ಷೆಯನ್ನು ಊರೆಲ್ಲ ಚಿಮಟದಮ್ಮ ಎಂದೇ ಕರೆಯುತ್ತಿತ್ತು. ಚೀಟಿಯನ್ನು ಬರಿಗೈಯಲ್ಲಿ ಮುಟ್ಟಿದವರನ್ನು ಆಕೆ ಕೊಲೆಗಾರರನ್ನು ನೋಡಿದಂತೆ ನೋಡುತ್ತಿದ್ದಳು. ತನ್ನ ಮದುವೆಯ ಫೋಟೋವನ್ನೂ ಚಿಮಟದಲ್ಲೇ ಎತ್ತಿ ತೋರಿಸುತ್ತಿದ್ದಳು. ಸಂಘ ಸೇರುತ್ತಿದ್ದದ್ದು ಅಂಚೆ ಕಚೇರಿಯ ಮಹಡಿ ಕೋಣೆಯಲ್ಲಿ. ಆಲ್ಬಮ್ಮಿನ ಕಪಾಟು, ಭೂತಗನ್ನಡಿ, ಚೀಟಿ ನೆನೆಹಾಕುವ ತಟ್ಟೆ, ಎಲ್ಲ ಅಲ್ಲೇ.

ಹೊಸ ಪೋಸ್ಟ್‌ಮಾಸ್ಟರ್ ಬಂದವನೇ ಕೋಣೆ ಖಾಲಿ ಮಾಡಿ ಎಂದ. "ಈಗ ಕಾಗದ ಯಾರು ಬರೀತಾರೆ ಮೇಡಂ? ಚೀಟಿಗೇ ಗಿರಾಕಿಯಿಲ್ಲ, ಇನ್ನು ಸಂಘ ಬೇರೆ."

ಚಿಮಟದಮ್ಮ ಮೆಟ್ಟಿಲೇರಿ, ಅದನ್ನೇ ಅವನ ಮೂಗಿನ ದನಿಯಲ್ಲಿ, ಕೋಣೆಯಲ್ಲಿ ಆಲ್ಬಮ್ ಜೋಡಿಸುತ್ತಿದ್ದ ತನ್ನ ತಂಗಿಗೆ ಒಪ್ಪಿಸಿದಳು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರಿ ಅಕ್ಕ, ಈಗ ಗಂಟುಮೂಟೆ ಕಟ್ಟೋಣ್ವಾ?"

"ಕಟ್ಟೋದಲ್ಲ ಕಣೇ, ಅಂಟಿಸೋದು."

ಸಂಗ್ರಾಹಕರಿಗೊಂದು ಚಟವಿದೆ. ಒಂದೇ ಚೀಟಿ ಸಾಕಾಗುವ ಲಕೋಟೆಗೆ ಪುಡಿ ಬೆಲೆಯ ಚೀಟಿಗಳನ್ನು ಮೈತುಂಬ ಹಚ್ಚುತ್ತಾರೆ. ಹಚ್ಚಿದ ಒಂದೊಂದು ಚೀಟಿಗೂ ಕಚೇರಿಯವರು ಮುದ್ರೆ ಒತ್ತಲೇಬೇಕು, ಅದು ನಿಯಮ. ಸಂಘದವರು ವಾರವಿಡೀ ಕೂತು ಹಚ್ಚಿದರು. ಸೋಮವಾರ ಚಿಮಟದಮ್ಮ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಲಕೋಟೆ ತುಂಬಿಕೊಂಡು ಕೌಂಟರಿಗೆ ಬಂದಳು. ಅಷ್ಟೂ ಪೋಸ್ಟ್‌ಮಾಸ್ಟರನ ವಿಳಾಸಕ್ಕೇ.

"ಕಾಗದ ಬರ್ದಿದೀವಿ. ಮುದ್ರೆ ಕೈಯಲ್ಲೇ ಒತ್ತಿ. ತಾರೀಖು ಕಾಣ್ಬೇಕು, ಮಸಿ ಹರಡಬಾರ್ದು."

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಭುಜ ಹಿಡಿದುಕೊಂಡು ಕುಸಿದ. ಪೋಸ್ಟ್‌ಮಾಸ್ಟರನೇ ಅಂಗಿಯ ತೋಳು ಮಡಿಸಿ ಮುದ್ರೆ ಹಿಡಿದ. ಠಪ್, ಠಪ್. ಚಿಮಟದಮ್ಮ ಭೂತಗನ್ನಡಿ ಹಿಡಿದು ಎದುರಿಗೇ ನಿಂತಿದ್ದಳು. "ಇದರಲ್ಲಿ ತಿಂಗಳು ಓದಕ್ಕಾಗಲ್ಲ. ಇನ್ನೊಂದ್ಸಲ ಒತ್ತಿ."

ಸಂಜೆ ಅವನು ಮಸಿಗೈಯಲ್ಲೇ ಮಹಡಿ ಹತ್ತಿದ. "ಆಯ್ತು ಮೇಡಂ, ಈ ವರ್ಷ ಕೋಣೆ ಇಟ್ಕೊಳ್ಳಿ. ನಾಳೆ ಬುಟ್ಟಿ ಬೇಡ."

"ಅಕ್ಕ, ಒಪ್ಕೋ" ಎಂದು ತಂಗಿ ಪಿಸುಗುಟ್ಟಿದಳು.

"ವರ್ಷದ ಲೆಕ್ಕ ಬೇಡ. ಸಂಘ ಇರೋವರೆಗೂ ಕೋಣೆ ನಮ್ದು."

"ಅಷ್ಟು ಅಧಿಕಾರ ನನಗಿಲ್ಲ."

"ಇರೋರ ವಿಳಾಸ ಹೇಳಿ. ಬುಟ್ಟಿ ಅವರ ಕಚೇರಿಗೇ ಹೊರ್ತೀನಿ, ಮುದ್ರೆ ಅವರೇ ಒತ್ಲಿ."

ಪೋಸ್ಟ್‌ಮಾಸ್ಟರ್ ನೋಯುವ ಭುಜ ನೀವಿಕೊಳ್ಳುತ್ತಾ ತನ್ನ ಮೇಲಧಿಕಾರಿಯ ವಿಳಾಸ ಹೇಳಿದ. ಚಿಮಟದಮ್ಮ ಹೊಸ ಲಕೋಟೆ ಎಳೆದುಕೊಂಡು ಚೀಟಿ ಹಚ್ಚತೊಡಗಿದಳು. ಅವನು ಹೊರಡಲಿಲ್ಲ. ಹಚ್ಚಿದ ಚೀಟಿಗಳನ್ನು ನೋಡಿ, ಕುರ್ಚಿಯೊಂದನ್ನು ಮೇಜಿನ ಹತ್ತಿರ ಎಳೆದುಕೊಂಡ.

"ಆ ಮನುಷ್ಯನಿಗೆ ಇವು ದೊಡ್ಡ ಬೆಲೆಯವಾದವು ಮೇಡಂ. ಇದಕ್ಕಿಂತ ಪುಡಿ ಬೆಲೆಯ ಚೀಟಿ ಕೆಳಗೆ ನನ್ನ ಡ್ರಾಯರಲ್ಲಿದೆ. ತರ್ಲಾ?"