ಬಾಣಂತಿ ಬಚ್ಚಲಿನ ದೀಪ

ನನ್ನ ಬಾಯಿ ಸ್ವಲ್ಪ ಜೋರು. ಆಲಂಕಾರು ಪೇಟೆಯಲ್ಲಿ ಯಾರನ್ನು ಕೇಳಿದರೂ ವಾರಿಜಕ್ಕನ ಬಾಯಿಗೆ ಬೀಳಬೇಡಿ ಎಂದೇ ಹೇಳುತ್ತಾರೆ. ಆದರೆ ನನ್ನ ಮಗಳಿಗೆ ಬಾಣಂತಿ ಸನ್ನಿ ಹಿಡಿದಿದೆ ಎಂದು ಮನೆಯವರೆಲ್ಲ ಪಿಸುಗುಟ್ಟತೊಡಗಿದಾಗ ಆ ಬಾಯಿ ಕಟ್ಟಿಹೋಯಿತು. ಯಾರಿಗೆ ಅಂತ ಬೈಯುವುದು?

ದಮಯಂತಿ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ಗಂಡನ ಮನೆ ನೆಟ್ಟಣದಲ್ಲಿ. ಹೆರಿಗೆ ಸುಸೂತ್ರವಾಗಿ ಆಯಿತು, ಗಂಡು ಮಗು. ಮೊದಲ ಕೆಲವು ದಿನ ಅವಳು ಮಗುವನ್ನು ತೊಡೆಯಿಂದ ಕೆಳಗೆ ಇಳಿಸಿದವಳೇ ಅಲ್ಲ. ತೊಟ್ಟಿಲಲ್ಲಿ ಹಾಕು ಅಂದರೆ ನನ್ನ ಮೇಲೆಯೇ ರೇಗುತ್ತಿದ್ದಳು.

ನಮ್ಮ ಮನೆಗೆ ಆಗ ಕರೆಂಟು ಬಂದು ವರ್ಷ ತುಂಬಿರಲಿಲ್ಲ. ನಮ್ಮ ಮನೆಯವರು, ಅಂದರೆ ಸೈಕಲ್ ಶಾಪಿನ ತ್ಯಾಂಪಣ್ಣ, ಹಾಕಿಸುವುದಾದರೆ ಸರಿಯಾಗಿಯೇ ಹಾಕಿಸುವ ಎಂದು ಬಚ್ಚಲಿಗೂ ಒಂದು ಬಲ್ಬು ಹಾಕಿಸಿದ್ದರು. ಅದನ್ನು ಉರಿಸುವವರು ಯಾರೂ ಇರಲಿಲ್ಲ. ನಾವೆಲ್ಲ ಹಗಲು ಹೊತ್ತಿನಲ್ಲೇ ಮೀಯುವವರು, ಕಿಟಕಿಯ ಬೆಳಕೇ ಧಾರಾಳವಾಗಿತ್ತು. ಬಾಣಂತಿಗೆ ಮಾತ್ರ ಗಾಳಿ ತಾಗಬಾರದು. ಬಚ್ಚಲಿನ ಕಿಟಕಿಗೆ ಸರಳು ಬಿಟ್ಟರೆ ಬಾಗಿಲಿಲ್ಲ. ಹಾಗಾಗಿ ಇವರು ಕಿಟಕಿಯ ಮೇಲೆ ಮೊಳೆ ಹೊಡೆದು ಹಳೆಯ ಕಂಬಳಿಯೊಂದನ್ನು ಇಳಿಬಿಟ್ಟರು. ಮುರಕಲ್ಲಿನ ಗೋಡೆಯಲ್ಲಿ ಮೊಳೆ ನಿಲ್ಲದೆ ಪುಡಿ ಉದುರುತ್ತಿತ್ತು. ಮೇಲೆ ಎಲ್ಲೋ ಮರ ಸಿಕ್ಕಿತು, ಗಟ್ಟಿಯಾಗಿ ಕೂತಿತು ಎಂದು ಖುಷಿಯಿಂದ ಇಳಿದು ಬಂದರು. ಕಂಬಳಿ ಬಿಟ್ಟು ಬಾಗಿಲು ಹಾಕಿದರೆ ನಡುಹಗಲಿನಲ್ಲೂ ಕತ್ತಲೆ. ಬಲ್ಬು ಉರಿಸಿ, ಮಗಳನ್ನು ಆ ಕಂಬಳಿಗೆ ಬೆನ್ನು ಕೊಟ್ಟು ಹಾಸುಗಲ್ಲಿನ ಮೇಲೆ ಕೂರಿಸಿ ಸೀತು ಮೀಯಿಸುತ್ತಿದ್ದಳು.

ಸೀತು ನಮ್ಮ ಊರಿನಲ್ಲಿ ಬಾಣಂತಿಯರನ್ನು ಮೀಯಿಸುವವಳು. ಕೈ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಅವಳು ಬೀಸಿ ಹೊಯ್ದರೆ ಗೋಡೆಯೂ ನೆನೆಯಬೇಕು, ಕಂಬಳಿಯೂ ನೆನೆಯಬೇಕು. ಮಗಳು ಮಿಂದಾದ ಮೇಲೆ ಅದನ್ನು ದಿನಾ ಬಿಚ್ಚಿ ಬಿಸಿಲಿಗೆ ಹಾಕುತ್ತಿದ್ದೆವು.

ದಮಯಂತಿ ಮೊದಲು ಹೇಳಿದಾಗ ನಾವು ನಕ್ಕೆವು. ಬೆನ್ನಿಗೆ ಜುಂ ಅಂತದೆ ಅಂದಳು. ಮರುದಿನ ಇರುವೆ ಹರಿದ ಹಾಗೆ ಆಗ್ತದೆ ಅಂದಳು. ಆಮೇಲೆ ಒಂದು ದಿನ ಬಚ್ಚಲಿನ ಬಾಗಿಲ ದಾರಂದವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದು ನಿಂತುಬಿಟ್ಟಳು. ಮೈಯೆಲ್ಲ ಎಣ್ಣೆ, ಸುತ್ತಿಕೊಂಡದ್ದು ಹಳೆಯ ಸೀರೆಯ ತುಂಡು.

"ಅಮ್ಮ, ನಂಗೆ ಬೇಡ. ಇವತ್ತು ನಿನ್ನೆಗಿಂತ ಜಾಸ್ತಿ ಆಗ್ತದೆ, ನಂಗೆ ಗೊತ್ತುಂಟು."

"ಅದು ವಾತ ಮಾರಾಯ್ತಿ," ಸೀತು ಒಳಗಿನಿಂದ ಹೇಳಿದಳು. "ತಿಕ್ಕುವಾಗ ನನ್ನ ಅಂಗೈಗೂ ಜುಂ ಅಂತದೆ. ವಾತ ಇಳಿಯುದು ಹಾಗೆಯೇ. ಇಳಿಯದಿದ್ರೆ ನಾಳೆ ಸೊಂಟ ಹಿಡ್ದು ನೀನೇ ನನ್ನನ್ನು ಬೈತಿ."

ಸೀತುವಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ತನ್ನ ಕೈಯ ಗುಣದಿಂದ ವಾತ ಇಳಿಯುತ್ತಿದೆ ಎಂದು ಪೇಟೆಯ ಐಸಮ್ಮನ ಅಂಗಡಿಯಲ್ಲೂ ಹೇಳಿಕೊಂಡು ಬಂದಿದ್ದಳಂತೆ. ನಾವಿಬ್ಬರೂ ಸೇರಿ ಮಗಳ ಕೈ ಬಿಡಿಸಿ ಒಳಗೆ ಕೂರಿಸಿದೆವು. ಹೊರಗೆ ಬಂದಾಗ ಅವಳ ತುಟಿ ಬಿಳಿಚಿತ್ತು. ಮಗು ಹಸಿದು ಅಳುತ್ತಿತ್ತು. ನಾನು ತಂದು ಕೊಡಲು ಹೋದರೆ ಗೋಡೆಯವರೆಗೂ ಹಿಂದೆ ಸರಿದಳು.

"ಹತ್ರ ತರ್ಬೇಡ ಅಮ್ಮ. ನಾನು ಮುಟ್ಟುದಿಲ್ಲ."

ರವಿಕೆ ಹಾಲಿನಿಂದ ಒದ್ದೆಯಾಗುತ್ತಿತ್ತು. ಮಗು ನೀಲಿಯಾಗುವಷ್ಟು ಅಳುತ್ತಿತ್ತು. ಹೆತ್ತವಳು ಮೂಲೆಯಲ್ಲಿ ಕೂತು ಕಿವಿ ಮುಚ್ಚಿಕೊಂಡಿದ್ದಳು. ಕೊನೆಗೆ ದನದ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಚೀಪಿಸಿದೆವು. ಅವತ್ತಿನಿಂದ ಸನ್ನಿ ಎಂಬ ಮಾತು ಮನೆಯೊಳಗೆ ಬಂತು.

ಸನ್ನಿ ಎಂದರೆ ನಮ್ಮ ಕುಟುಂಬದ ಹೆಂಗಸರಿಗೆ ಹೊಟ್ಟೆಯೊಳಗೆ ಬೆಂಕಿ. ನನ್ನ ಚಿಕ್ಕಮ್ಮನಿಗೆ ಬಾಣಂತನದಲ್ಲಿ ಹಾಗಾಗಿ, ಮಗುವನ್ನು ಬಾವಿಗೆ ಹಾಕಿದ್ದಳು. ಆ ಕಥೆ ಕೇಳಿಯೇ ನಾನು ದೊಡ್ಡವಳಾದದ್ದು. ಈಗ ನನ್ನ ಮಗಳು ಮಗುವಿನ ಕಡೆ ನೋಡುವಾಗಲೆಲ್ಲ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಹೆತ್ತ ಮಗಳನ್ನು ಹಾಗೆ ಕಾಯುವ ಕಷ್ಟ ಶತ್ರುವಿಗೂ ಬೇಡ.

ಆದರೂ ನನಗೊಂದು ಸಂಶಯ. ಅವಳು ಬೇರೆ ಮಾತೆಲ್ಲ ಸರಿಯಾಗಿಯೇ ಆಡುತ್ತಿದ್ದಳು. ಅವಳೇ ಒಮ್ಮೆ, "ಅಮ್ಮ, ಕರೆಂಟು ಎಂತಾದ್ರೂ ಇರ್ಬಹುದಾ?" ಎಂದು ಕೇಳಿದಳು. ನಾನು ಇವರ ಬೆನ್ನು ಹತ್ತಿ ವಯರಿಂಗ್ ಮಾಡಿದ್ದ ಕಡಬದ ಪ್ರೇಮನಾಥನನ್ನು ಕರೆಸಿದೆ.

ಅವನು ಊಟ ಮುಗಿಸಿ ಮಧ್ಯಾಹ್ನ ಬಂದ. ಗಂಡಸು ಮನೆಯೊಳಗೆ ಬರುತ್ತಾನೆಂದು ನಾನು ಬಚ್ಚಲು ಗುಡಿಸಿ ಒರೆಸಿದ್ದೆ, ಒದ್ದೆ ಕಂಬಳಿಯನ್ನು ತೆಗೆದು ಅಂಗಳದ ಹಗ್ಗದಲ್ಲಿ ಒಣಹಾಕಿದ್ದೆ. ಕಿಸೆಯಿಂದ ಟೆಸ್ಟರ್ ತೆಗೆದು ಅವನು ಮೈನ್ ಸ್ವಿಚ್ಚಿನಿಂದ ಹಿಡಿದು ಒಂದೊಂದೇ ನೋಡುತ್ತ ಬಂದ. ಬಚ್ಚಲಿನ ಬಲ್ಬು ಒಮ್ಮೆ ಉರಿಸಿದ, ಆರಿಸಿದ. ಆಮೇಲೆ ಗೋಡೆಯನ್ನು ಕೈಯ ಹಿಂಬದಿಯಿಂದ ಅಲ್ಲಲ್ಲಿ ಮುಟ್ಟಿ ನೋಡಿದ.

"ಅದೆಂತ ಹಾಗೆ ಮುಟ್ಟುದು?" ಬಾಗಿಲಲ್ಲಿ ನಿಂತಿದ್ದ ದಮಯಂತಿ ಕೇಳಿದಳು.

"ಅಂಗೈಯಿಂದ ಮುಟ್ಟಿದ್ರೆ ಕರೆಂಟು ಕೈಯನ್ನು ಹಿಡ್ಕೊಂಡು ಬಿಡ್ತದೆ ಅಕ್ಕ. ಹಿಂಗೈಯಿಂದಾದ್ರೆ ಕೈ ತನ್ನಷ್ಟಕ್ಕೆ ಈಚೆ ಬರ್ತದೆ."

ಅವಳು ತನ್ನ ಕೈಯನ್ನು ಮಗುಚಿ ನೋಡಿಕೊಂಡಳು. ಪ್ರೇಮನಾಥ ಟೆಸ್ಟರನ್ನು ಕಿಸೆಗೆ ಸಿಕ್ಕಿಸಿದ.

"ಎಂತದೂ ಇಲ್ಲ ವಾರಿಜಕ್ಕ. ನಾನು ಮಾಡಿದ ವಯರಿಂಗು, ಗ್ಯಾರಂಟಿ. ನೀವೆಲ್ಲ ಇದೇ ಬಚ್ಚಲಲ್ಲಿ ಮೀಯುದಲ್ವಾ? ನಿಮಗೆ ಯಾರಿಗೂ ಹೊಡೆಯದ ಕರೆಂಟು ಇವರೊಬ್ಬರಿಗೆ ಹೊಡೆಯುದು ಹೇಗೆ?"

ಇವರು ನನ್ನ ಮುಖ ನೋಡಿದರು. ದಮಯಂತಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಹಾಗೆ ಹೇಳಿದ ಮೇಲೆ ನಾನಾದರೂ ಯಾವ ಬಾಯಲ್ಲಿ ಅವಳ ಪರ ಮಾತಾಡುವುದು? ಬೆಳಿಗ್ಗೆ ಎದ್ದರೆ ಬಚ್ಚಲು, ನಾನೂ ಸೀತುವೂ ಎಳೆದುಕೊಂಡು ಹೋಗುವುದು, ಅವಳು ಕೂಗುವುದು. ಪಕ್ಕದ ಮನೆಯವರು ಕೇಳಬಾರದೆಂದು ನಾನು ರೇಡಿಯೋ ದೊಡ್ಡದು ಮಾಡುತ್ತಿದ್ದೆ. ದೈವಕ್ಕೆ ಹರಕೆ ಹೇಳಿದೆ, ಮಂತ್ರಿಸಿದ ನೂಲು ಕಟ್ಟಿಸಿದೆ.

ಸುದ್ದಿ ನೆಟ್ಟಣಕ್ಕೂ ಹೋಯಿತು. ದಮಯಂತಿಯ ಅತ್ತೆ ಪಂಕಜಾಕ್ಷಿ ಬೆಳಗಿನ ಬಸ್ಸಿಗೇ ಬಂದಿಳಿದರು. ಕೆಟ್ಟ ಹೆಂಗಸಲ್ಲ. ಸೊಸೆಯ ತಲೆ ಸವರಿ, ಮಗುವನ್ನು ಎತ್ತಿ ಅವಳ ಮುಂದೆ ಹಿಡಿದರು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಮಗುವಿನ ಕಾಲು ಕಡ್ಡಿಯಾಗಿತ್ತು, ಅಳುವ ಸ್ವರವೂ ಸಣ್ಣದಾಗಿತ್ತು. ಪಂಕಜಾಕ್ಷಿಯ ಕಣ್ಣಲ್ಲಿ ನೀರು ಬಂತು.

"ವಾರಿಜಕ್ಕ, ಇವಳು ನಂಗೂ ಮಗಳೇ. ಆದ್ರೆ ಮಗುವಿಗೆ ಎಂತಾದ್ರೂ ಆದ್ರೆ ನಾನು ಮಗನಿಗೆ ಎಂತ ಹೇಳುದು? ಇವಳ ನಾದಿನಿಗೆ ಹಾಲುಂಟು, ಅವಳು ಕುಡಿಸ್ತಾಳೆ. ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೋಗ್ತೇನೆ. ಇವಳನ್ನು ಮಂಗಳೂರಿನಲ್ಲಿ ತಲೆಯ ಡಾಕ್ಟ್ರಿಗೆ ತೋರ್ಸಿ."

"ಮತ್ತೆ ಮಗುವನ್ನು ಯಾವಾಗ ತರುದು?" ನಾನು ಕೇಳಿದೆ.

"ಗುಣ ಆಗ್ಲಿ. ನೋಡುವ."

ಆ 'ನೋಡುವ' ಎಂಬುದರ ಅರ್ಥ ನನಗೆ ಗೊತ್ತಿತ್ತು. ತಲೆ ಕೆಟ್ಟವಳೆಂದು ಒಮ್ಮೆ ಹೆಸರು ಬಂದರೆ ಅವಳಿಗೆ ಮಗುವೂ ಇಲ್ಲ, ಗಂಡನ ಮನೆಯೂ ಇಲ್ಲ. ನಾನು ಮಗಳ ಭುಜ ಹಿಡಿದು ಅಲ್ಲಾಡಿಸಿದೆ. ಮಗುವನ್ನು ಕೊಡುದಿಲ್ಲ ಅಂತ ಹೇಳು, ಒಂದು ಮಾತು ಹೇಳು, ಉಳಿದದ್ದು ನಾನು ನೋಡ್ತೇನೆ ಅಂದೆ.

"ಕರ್ಕೊಂಡು ಹೋಗ್ಲಿ ಅಮ್ಮ," ಅಂದಳು ದಮಯಂತಿ. "ನನ್ನ ಹತ್ರ ಇರುದು ಬೇಡ."

ಮಗುವಿನ ಬಟ್ಟೆ ಕಟ್ಟಲು ಅಂಗಳಕ್ಕೆ ಹೋದೆ, ಹಗ್ಗದಲ್ಲಿದ್ದ ಆ ಸಣ್ಣ ಸಣ್ಣ ಬಟ್ಟೆಗಳನ್ನು ಎಳೆಯುತ್ತ ಗೊಳೋ ಎಂದು ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಆ ಬಚ್ಚಲಿನಲ್ಲಿ ಅಂಥಾದ್ದು ಏನುಂಟು ಎಂದು ನಾನೇ ಕೂತು ನೋಡುತ್ತೇನೆ, ಸಾಯುವುದಾದರೆ ಸಾಯುತ್ತೇನೆ ಎಂದುಕೊಂಡು ಸೀತುವನ್ನು ಕರೆದೆ.

"ಅವಳನ್ನು ಮೀಯಿಸಿದ ಹಾಗೆಯೇ ನನ್ನನ್ನು ಮೀಯಿಸು."

"ಈ ಪ್ರಾಯದಲ್ಲಿ ನಿಮಗೆ ಬಾಣಂತಿ ಸ್ನಾನವಾ ವಾರಿಜಕ್ಕ? ತ್ಯಾಂಪಣ್ಣನಿಗೆ ಗೊತ್ತುಂಟಾ?"

"ಬಾಯಿ ಮುಚ್ಚಿ ನೀರು ಹೊಯ್ಯಿ."

ಹಾಸುಗಲ್ಲಿನ ಮೇಲೆ ಕೂತು ಗೋಡೆಗೆ ಒರಗಿದೆ. ಸೀತು ನೀರು ಹೊಯ್ದಳು, ಬೆನ್ನು ತಿಕ್ಕಿದಳು. ಏನೂ ಇಲ್ಲ. ಮತ್ತೆ ಹೊಯ್ಯಿ ಅಂದೆ. ಆಗಲೂ ಇಲ್ಲ. ಹಾಗಾದರೆ ಸನ್ನಿಯೇ ಸರಿ ಎಂದು ಮುಖ ಮುಚ್ಚಿಕೊಂಡು ಕೂತುಬಿಟ್ಟೆ. ಸೀತುವಿಗೆ ಪಾಪ ಅನಿಸಿರಬೇಕು, ನಗಿಸಲು ನೋಡಿದಳು.

"ಬಾಗಿಲು ಹಾರು ಹೊಡ್ದುಂಟು, ಕಿಟಕಿಗೆ ಕಂಬಳಿ ಇಲ್ಲ. ಇದೆಂತ ಬಾಣಂತಿ ಸ್ನಾನ ಮಾರಾಯ್ರೆ? ದಾರಿಯಲ್ಲಿ ಹೋಗುವವರಿಗೆಲ್ಲ ಕಾಣ್ತದೆ."

ನಾನು ತಲೆ ಎತ್ತಿ ಕಿಟಕಿ ನೋಡಿದೆ. ಪ್ರೇಮನಾಥ ಬಂದ ದಿನವೂ ಅಲ್ಲಿ ಕಂಬಳಿ ಇರಲಿಲ್ಲ. ನಾವು ಯಾರು ಮೀಯುವಾಗಲೂ ಇರುವುದಿಲ್ಲ. ಬಲ್ಬೂ ಉರಿಯುವುದಿಲ್ಲ.

"ಹೋಗಿ ಆ ಕಂಬಳಿ ತಾ."

ಬೆಳಗಿನ ಸ್ನಾನದ ನೀರು ಇನ್ನೂ ಅದರಿಂದ ತೊಟ್ಟಿಕ್ಕುತ್ತಿತ್ತು. ಸೀತು ಅದರ ಹಗ್ಗವನ್ನು ಮೊಳೆಗೆ ಸಿಕ್ಕಿಸಿ, ನನ್ನ ಬೆನ್ನ ಹಿಂದೆ ಸರಿಯಾಗಿ ಇಳಿಬಿಟ್ಟು, ಬಾಗಿಲು ಹಾಕಿದಳು. ಕತ್ತಲಾಯಿತು. ಹೊರಗಿದ್ದ ಸ್ವಿಚ್ಚನ್ನು ಬಾಗಿಲ ಸಂದಿಯಿಂದ ಕೈ ಹಾಕಿ ಒತ್ತಿದಳು. ಬಲ್ಬು ಉರಿಯಿತು. ಒಂದು ಬೀಸು ನೀರು ಹೊಯ್ದಳು. ನಾನು ಹಿಂದಕ್ಕೆ ಒರಗಿದೆ.

ಬೆನ್ನಿಗೆ ಯಾರೋ ಒನಕೆಯಿಂದ ಗುದ್ದಿದ ಹಾಗಾಯಿತು. ದವಡೆ ಕಚ್ಚಿಕೊಂಡಿತು. ಕೂಗಬೇಕು, ಸ್ವರ ಇಲ್ಲ. ಸೀತು ನನ್ನ ತೋಳು ಹಿಡಿದವಳು, "ನೋಡಿ, ನಿಮಗೂ ಎಷ್ಟು ವಾತ ಉಂಟು" ಎಂದು ನಗುತ್ತ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಆಮೇಲೆ ಅವಳ ನಗು ನಿಂತಿತು, ನಾನು ಮುಂದಕ್ಕೆ ಮುಗ್ಗರಿಸಿ ಹಾಸುಗಲ್ಲಿಗೆ ಹಣೆ ಬಡಿದುಕೊಂಡು ಬಿದ್ದೆ. ಬಿದ್ದಲ್ಲೇ ನನಗೆ ತಿಳಿದದ್ದು ಒಂದೇ: ಇಷ್ಟು ದಿನ ನನ್ನ ಮಗಳನ್ನು ನಾನೇ ಎಳೆದು ತಂದು ಇಲ್ಲಿ ಕೂರಿಸುತ್ತಿದ್ದೆ.

ಹಣೆಯ ರಕ್ತದಲ್ಲಿ, ಒದ್ದೆ ಸೀರೆಯಲ್ಲೇ ಹೊರಗೆ ಬಂದು ಬೊಬ್ಬೆ ಹೊಡೆದೆ. ಇವರು ಓಡಿ ಮೈನ್ ಸ್ವಿಚ್ಚು ಇಳಿಸಿದರು. ಪ್ರೇಮನಾಥ ಅವತ್ತು ಪೇಟೆಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಅಲ್ಲಿಂದಲೇ ಹಿಡಿದು ತಂದರು. ವಯರನ್ನು ಒಳಗಿಟ್ಟು ಮುಚ್ಚಿದ್ದ ಮರದ ಪಟ್ಟಿಯನ್ನು ಅವನು ಬಿಚ್ಚಿದ. ಮೊಳೆ ಹೊಡೆಯುವಾಗ ಇವರಿಗೆ ಗಟ್ಟಿಯಾಗಿ ಸಿಕ್ಕಿದ ಮರ ಅದುವೇ. ಮೊಳೆ ಬಲ್ಬಿನ ವಯರನ್ನು ನಡುವಿನಲ್ಲೇ ಚುಚ್ಚಿ ನಿಂತಿತ್ತು, ಅದರ ಸುತ್ತ ಕಪ್ಪಾಗಿತ್ತು.

"ಲೈಟು ಹಾಕಿದಾಗ ಮಾತ್ರ ಈ ವಯರಿಗೆ ಕರೆಂಟು ಬರುದು," ಅವನು ನೆಲ ನೋಡುತ್ತ ಹೇಳಿದ. "ಅವತ್ತು ನಾನು ಲೈಟು ಆಫ್ ಮಾಡಿ ಗೋಡೆ ನೋಡಿದ್ದು. ಕಂಬಳಿಯೂ ಇರ್ಲಿಲ್ಲ."

"ಗ್ಯಾರಂಟಿ ಅಂದಿಯಲ್ಲ ಮಾರಾಯ? ನನ್ನ ಮಗಳು ಹೇಳಿದ್ದು ಸುಳ್ಳು, ನಿನ್ನ ಟೆಸ್ಟರ್ ಹೇಳಿದ್ದು ಸತ್ಯ, ಅಲ್ವಾ?" ಕಟ್ಟಿದ್ದ ಬಾಯಿ ಬಿಚ್ಚಿಕೊಂಡಿತು. ಅವನಿಗೆ ಬೈದೆ, ಮೊಳೆ ಹೊಡೆದ ಇವರಿಗೆ ಬೈದೆ, ತನ್ನ ಅಂಗೈ ನೋಡಿಕೊಳ್ಳುತ್ತ ಮೂಲೆಯಲ್ಲಿ ಕೂತಿದ್ದ ಸೀತುವಿಗೂ ಬೈದೆ. ಬೈಯುತ್ತ ಬೈಯುತ್ತ ನನಗೇ ಅಳು ಬಂತು.

ಪಂಕಜಾಕ್ಷಿ ಚಾವಡಿಯಲ್ಲಿ ಬ್ಯಾಗು ಪಕ್ಕಕ್ಕಿಟ್ಟು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಲ್ಲವನ್ನೂ ಕೇಳುತ್ತಿದ್ದರು. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿದರೂ ಏಳಲಿಲ್ಲ. ಬಸ್ಸು ಹೋದ ಮೇಲೆ ಮಗುವನ್ನು ಎತ್ತಿಕೊಂಡು ಸೊಸೆಯ ಹತ್ತಿರ ಬಂದು ಕೂತರು.

"ತಪ್ಪಾಯ್ತು ಮಗಾ. ತಗೋ."

ದಮಯಂತಿ ತಗೊಳ್ಳಲಿಲ್ಲ. ಎಲ್ಲ ಗೊತ್ತಾದ ಮೇಲೂ ಕೈ ಬೆನ್ನ ಹಿಂದೆಯೇ ಇತ್ತು. ಪಂಕಜಾಕ್ಷಿ ನನ್ನ ಮುಖ ನೋಡಿದರು.

"ಅಮ್ಮ," ಅವಳು ಪಿಸುದನಿಯಲ್ಲಿ ಕೇಳಿದಳು, "ಅದು ನನ್ನ ಮೈಯಲ್ಲಿ ಉಳ್ದಿರ್ಲಿಕ್ಕಿಲ್ಲ ಅಲ್ವಾ? ಒಂದು ದಿನ ಮಿಂದು ಬಂದು ಹಾಲು ಕೊಡ್ಲಿಕ್ಕೆ ಹೋದಾಗ ಮಗು ಬೆಚ್ಚಿಬಿದ್ದಿತ್ತು. ನನ್ನಿಂದ ಅದಕ್ಕೆ ಹೊಡೀತದೆ ಅಂತ ನಾನು..."

ಅಷ್ಟು ದಿನ ಅವಳು ಮಗುವನ್ನು ಮುಟ್ಟದೆ ಕೂತದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿದ್ದರೂ, ಮಗು ಕೂಗಿ ಕೂಗಿ ಸೋತರೂ, ಊರೆಲ್ಲ ಹುಚ್ಚಿ ಅಂದರೂ, ಅವಳು ಕಿವಿ ಮುಚ್ಚಿಕೊಂಡು ಮಗುವನ್ನು ತನ್ನಿಂದ ಕಾಯುತ್ತಿದ್ದಳು.

"ಇಲ್ಲ ಮಗಾ," ಅಂದೆ. "ಅದು ಮೈಯಲ್ಲಿ ಉಳಿಯುದಿಲ್ಲ. ನನ್ನನ್ನು ಮುಟ್ಟಿ ನೋಡು, ನಂಗೂ ಹೊಡ್ದಿದೆಯಲ್ಲ."

ಅವಳು ನನ್ನನ್ನು ಮುಟ್ಟಲಿಲ್ಲ. ಬೆನ್ನ ಹಿಂದಿನಿಂದ ಒಂದು ಕೈ ತೆಗೆದು, ಮಗುಚಿ, ಬೆರಳುಗಳ ಹಿಂಬದಿಯನ್ನು ಮಗುವಿನ ಹಿಮ್ಮಡಿಗೆ ತಾಗಿಸಿದಳು. ಮಗು ಕಾಲು ಎಳೆದುಕೊಂಡಿತು. ಅವಳೂ ಕೈ ಎಳೆದುಕೊಂಡಳು. ಮತ್ತೆ ತಾಗಿಸಿದಳು. ಈ ಸಲ ಮಗು ಕಾಲು ಚಾಚಿ ಅವಳ ಬೆರಳಿಗೆ ಒತ್ತಿ ಸುಮ್ಮನೆ ಮಲಗಿತು.

ದಮಯಂತಿ ತುಂಬ ಹೊತ್ತು ಹಾಗೆಯೇ ಇದ್ದಳು. ಆಮೇಲೆ ಕೈಯನ್ನು ತಿರುಗಿಸಿ ಅಂಗೈಯಲ್ಲಿ ಆ ಕಾಲನ್ನು ಹಿಡಿದಳು.