ಅಕ್ಕ ಆರಿಸಿದ ನಾಯಿ

ಗಡಿಯಾರ ರಿಪೇರಿ ಮಾಡುವವರ ಮನೆಯಲ್ಲಿ ಗಂಟೆ ಎಷ್ಟಾಯಿತೆಂದು ತಿಳಿಯುವುದೇ ಕಷ್ಟ. ಗೋಡೆಯ ತುಂಬ ನೇತುಹಾಕಿರುವುದೆಲ್ಲ ಬೇರೆಯವರ ಗಡಿಯಾರಗಳು. ಒಂದು ಮುಂದೆ ಓಡುತ್ತಿರುತ್ತದೆ, ಇನ್ನೊಂದು ಹಿಂದೆ ಬಿದ್ದಿರುತ್ತದೆ, ಮತ್ತೊಂದು ಯಾವಾಗಲೋ ನಿಂತುಹೋಗಿರುತ್ತದೆ. ಆ ಮನೆಯಲ್ಲಿ ನಂಬಬಹುದಾಗಿದ್ದದ್ದು ಅಕ್ಕನ ದನಿಯೊಂದೇ. 'ಪುಟ್ಟಾ, ಊಟಕ್ಕೆ ಬಾ' ಎಂದು ಅಡುಗೆಮನೆಯಿಂದ ಕೂಗು ಬಂದರೆ ಮಧ್ಯಾಹ್ನ. 'ಪುಟ್ಟಾ, ದೀಪ ಹಾಕ್ಕೊ, ಕಣ್ಣು ಹೋಗತ್ತೆ' ಎಂದರೆ ಸಂಜೆ.

ಪುಟ್ಟನಿಗೆ ಅರವತ್ತು ದಾಟಿತ್ತು, ತಲೆ ಪೂರ್ತಿ ನೆರೆತಿತ್ತು. ತಾಯಿ ತೀರಿಕೊಂಡಾಗ ಇನ್ನೂ ತೊಟ್ಟಿಲಲ್ಲಿದ್ದವನನ್ನು ಅಕ್ಕ ಸೊಂಟದ ಮೇಲೆ ಕೂರಿಸಿಕೊಂಡಳು. ಆಮೇಲೆ ಕೆಳಗಿಳಿಸಿದ್ದೇ ಇಲ್ಲ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಇಬ್ಬರೂ ಮದುವೆಯ ಮಾತೆತ್ತಲಿಲ್ಲ. ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗಿರಾಕಿಗಳ ಜೊತೆ ಮಾತು, ನಗು, ಜಗಳ ಎಲ್ಲ ಅಕ್ಕನದು. ಹಿಂದಿನ ಕೋಣೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು ಹಿಡಿದು ಕೂತವನು ತಮ್ಮ. ಆ ಹೊತ್ತಿನಲ್ಲಿ ಅವನು ಉಸಿರೂ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಅವನಿಗೆ 'ಮೌನಿ' ಎಂದೇ ಹೆಸರು. ಎದುರು ಬ್ರೆಡ್ಡಿನ ಅಂಗಡಿಯವನು ಅವನ ದನಿಯನ್ನು ಒಮ್ಮೆಯೂ ಕೇಳಿಯೇ ಇಲ್ಲವಂತೆ.

ಹೀಗಿರುವಾಗ ಅಕ್ಕನ ಎದೆ ಕೈಕೊಡತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನಲ್ಲಿ ಬಾವು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆಯಲಿಲ್ಲ, ಅಕ್ಕನ ಎದುರೇ ಹೇಳಿದರು. ಔಷಧಿ ತಪ್ಪದೆ ತಗೊಂಡರೆ ವರ್ಷವೋ, ಅದಕ್ಕಿಂತ ಸ್ವಲ್ಪ ಹೆಚ್ಚೋ. ಉಳಿದದ್ದು ದೇವರಿಗೆ ಬಿಟ್ಟದ್ದು. ಅಕ್ಕ ತಲೆಯಾಡಿಸಿ, ಡಾಕ್ಟರ ಮೇಜಿನ ಮೇಲಿದ್ದ ಗಡಿಯಾರ ತಡವಾಗಿ ಓಡುತ್ತಿದೆ, ಕಳಿಸಿಕೊಡಿ, ಸರಿಮಾಡಿ ಕೊಡುತ್ತೇವೆ ಎಂದು ಹೇಳಿ ಎದ್ದಳು. ಮನೆಗೆ ಬಂದ ಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಅಕ್ಕ ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ಪ್ರಾರ್ಥನೆಗೆ ಕೂರುವವಳು. ಒಂದು ದಿನ ಪ್ರಾರ್ಥನೆ ಮುಗಿಸಿದವಳೇ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಪುಟ್ಟಾ, ಒಂದು ನಾಯಿ ತರೋಣ ಕಣೋ."

ತಮ್ಮ ಭೂತಗನ್ನಡಿ ತೆಗೆದ. ಈ ಮನೆಗೆ ನಾಯಿಯೇ? ಒಂದು ಎಳೆ ಕೂದಲು ಗಡಿಯಾರದೊಳಗೆ ಹೋದರೆ ಸಾಕು, ವಾರದ ಕೆಲಸ ಹಾಳು. ಒಂದು ಸಲ ಬೊಗಳಿದರೆ ಚಿಮಟದಲ್ಲಿದ್ದ ತಿರುಪು ಎಲ್ಲಿಗೋ ಹಾರಿಹೋಗುತ್ತದೆ. ಆದರೂ ಅವನು ಇಲ್ಲವೆನ್ನಲಿಲ್ಲ. ಅಕ್ಕ ತನಗಾಗಿ ಏನನ್ನೂ ಕೇಳಿದವಳಲ್ಲ. ಕಾಯಿಲೆಯ ದಿನಗಳಲ್ಲಿ ಮಡಿಲಲ್ಲಿ ಬೆಚ್ಚಗೆ ಏನೋ ಒಂದು ಇರಲಿ ಎಂದು ಆಸೆಪಟ್ಟಿದ್ದಾಳೆ ಅಂದುಕೊಂಡ. ಗ್ರಂಥಾಲಯದಿಂದ ನಾಯಿಜಾತಿಗಳ ಪುಸ್ತಕ ತಂದು, ಗಡಿಯಾರ ಬಿಚ್ಚುವ ಶ್ರದ್ಧೆಯಲ್ಲೇ ಓದಿದ. ಯಾವುದಕ್ಕೆ ಕೂದಲು ಉದುರುವುದಿಲ್ಲ, ಯಾವುದು ಬೊಗಳುವುದಿಲ್ಲ, ಯಾವುದು ನಿಶ್ಶಕ್ತರ ಪಕ್ಕ ಸುಮ್ಮನೆ ಮಲಗಿರುತ್ತದೆ, ಎಲ್ಲ ಬಾಯಿಪಾಠವಾಯಿತು.

ಬೀದಿಯ ಕೊನೆಯಲ್ಲಿ ಪ್ರಾಣಿಗಳ ಡಾಕ್ಟರಮ್ಮನ ಕ್ಲಿನಿಕ್ಕು. ಯಾರಿಗೋ ಬೇಡವಾದ ನಾಯಿಗಳನ್ನು ಹಿತ್ತಲಲ್ಲಿ ಸಾಕಿ, ತಕ್ಕ ಮನೆ ಸಿಕ್ಕಿದಾಗ ಕೊಡುತ್ತಿದ್ದರು. ಅಕ್ಕತಮ್ಮ ಹೋದಾಗ ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನೋಡಿ, ಚೆಂದ ನೋಡಿ ನಾಯಿ ಆರಿಸ್ಬೇಡಿ," ಎಂದರು. "ಮೊದಲು ನಿಮ್ಮ ಮನೆ ಹೇಗಿದೆ, ನಿಮ್ಮ ದಿನ ಹೇಗೆ ಕಳೆಯತ್ತೆ, ಅದನ್ನ ಹೇಳಿ. ಆಮೇಲೆ ನಾಯಿ ಮಾತು."

ತಮ್ಮ ಗಂಟಲು ಸರಿಮಾಡಿಕೊಂಡ. ಹೊರಗಿನವರ ಜೊತೆ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. "ಕೂದಲು ಉದುರಬಾರ್ದು. ಬೊಗಳಬಾರ್ದು. ಮೈಮೇಲೆ ಹಾರಬಾರ್ದು. ಮನೆಯೊಳಗೆ ಓಡಾಡಬಾರ್ದು."

"ಉಸಿರಾಡಬಹುದೇನೋ?" ಎಂದಳು ಅಕ್ಕ.

ಡಾಕ್ಟರಮ್ಮ ನಕ್ಕರು. ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿದರು. ನೆರಳಿನಲ್ಲಿ ಉದ್ದಕ್ಕೆ ಚಾಚಿ ಮಲಗಿದ್ದ ಗ್ರೇಹೌಂಡು ಪಂದ್ಯಗಳಲ್ಲಿ ಓಡಿ ಓಡಿ ದಣಿದದ್ದು. ಈಗ ದಿನಪೂರ್ತಿ ನಿದ್ದೆ, ಬೊಗಳುವುದನ್ನೇ ಮರೆತಿದೆ. ಸುರುಳಿಗೂದಲಿನ ಪೂಡಲ್‌ಗೆ ಕೂದಲು ಉದುರುವುದು ಇಲ್ಲವೆನ್ನುವಷ್ಟು ಕಡಿಮೆ. ಮೂಲೆಯಲ್ಲಿ ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳಿಕೊಂಡು ಹಿತ್ತಲೆಲ್ಲ ಸುತ್ತುತ್ತಿದ್ದದ್ದು ಬೀಗಲ್. ಜೋಲುಕಿವಿ, ಕಂದು ಬಿಳಿ ಕಪ್ಪು ಮಚ್ಚೆ. ಇವರನ್ನು ಕಂಡೊಡನೆ ತಲೆಯೆತ್ತಿ ಊ ಎಂದು ರಾಗವೆಳೆಯಿತು.

"ಇದನ್ನ ಮಾತ್ರ ಕೇಳಬೇಡಿ," ಎಂದರು ಡಾಕ್ಟರಮ್ಮ. "ಹೊಟ್ಟೆಬಾಕ. ಊಟದ ಹೊತ್ತು ಸ್ವಲ್ಪ ತಪ್ಪಿದ್ರೂ ಬೀದಿಗೆಲ್ಲ ಕೇಳೋ ಹಾಗೆ ಗೋಳಾಡತ್ತೆ. ಎರಡು ಹೊತ್ತು ನಡೆಸಲಿಲ್ಲ ಅಂದ್ರೆ ಮನೆ ಕಿತ್ತು ಹಾಕತ್ತೆ. ಒಂಟಿಯಾಗಿ ಬಿಟ್ರಂತೂ ಆಗಲ್ಲ. ದಾರೀಲಿ ಸಿಕ್ಕೋರನ್ನೆಲ್ಲ ಮಾತಾಡಿಸಿಕೊಂಡೇ ಬರೋ ಜಾತಿ. ನಿಮ್ಮ ಮನೆಗೆ ಒಗ್ಗಲ್ಲ."

ಅಕ್ಕ ಗೋಡೆಗೆ ಕೈಯೂರಿ ನಿಂತು ಆ ನಾಯಿಯನ್ನೇ ನೋಡುತ್ತಿದ್ದಳು. "ನನಗೆ ಇದೇ ಬೇಕು."

"ಅಕ್ಕಾ," ಎಂದ ತಮ್ಮ, ಗಾಬರಿಯಾಗಿ. "ಅವರು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಬೇಕು ಅಂದಿದ್ದು."

ಡಾಕ್ಟರಮ್ಮ ಗಂಭೀರವಾದರು. "ಅಮ್ಮಾ, ಒಂದು ಸಲ ವಾಪಸ್ ಬಂದಿರೋ ನಾಯಿ ಇದು. ಇನ್ನೊಂದು ಸಲ ಬರಬಾರದು. ಹಾಗಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಡೀ ದಿನ ಮನೇಲಿ ಯಾರಿರ್ತಾರೆ?"

"ಇವನು."

"ಹೊತ್ತಿಗೆ ಸರಿಯಾಗಿ ಊಟ ಹಾಕೋರು?"

"ಇವನೇ."

"ಬೆಳಿಗ್ಗೆ ಸಂಜೆ ಹೊರಗೆ ಕರ್ಕೊಂಡು ಹೋಗೋಕೆ?"

"ಇವನೇ ಹೋಗ್ತಾನೆ."

ತಮ್ಮನಿಗೆ ನಗು ಬಂತು. "ಎಲ್ಲಾ ನನ್ನ ತಲೆಗೇ ಕಟ್ತಿದೀಯಲ್ಲ. ನೀನೆಲ್ಲಿಗೆ ಹೋಗ್ತೀಯ?"

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ಅದು ಕೇಳಿಸಿತು. ಡಾಕ್ಟರಮ್ಮ ಬಗ್ಗಿ ಯಾವುದೋ ನಾಯಿಯ ಕೊರಳಪಟ್ಟಿ ಸಡಿಲಿಸತೊಡಗಿದರು. ಬೀಗಲ್ ಬಟ್ಟಲನ್ನು ತಳ್ಳಿಕೊಂಡು ಬಂದು ತಮ್ಮನ ಪಾದದ ಬಳಿ ನಿಲ್ಲಿಸಿ ಮೇಲೆ ನೋಡಿತು. ಅವನು ಕಾಲು ಹಿಂದಕ್ಕೆಳೆದುಕೊಂಡ, ಗೇಟು ತೆರೆದು ಹೊರಟುಹೋದ.

ಅಕ್ಕ ನಿಧಾನವಾಗಿ, ಅಲ್ಲಲ್ಲಿ ನಿಂತು ದಣಿವಾರಿಸಿಕೊಂಡು ಮನೆ ಸೇರುವಷ್ಟರಲ್ಲಿ ಅವನು ಕೆಲಸಕ್ಕೆ ಕೂತಾಗಿತ್ತು. ಕಣ್ಣಲ್ಲಿ ಭೂತಗನ್ನಡಿ ಇತ್ತು, ಕೈಯಲ್ಲಿ ಚಿಮಟ ಇರಲಿಲ್ಲ.

"ನಾಯಿ ಬೇಡ," ಎಂದ ತಿರುಗಿ ನೋಡದೆ. "ನೀನು ಹೊರಡೋಕೆ ಗಂಟು ಕಟ್ತಾ ಇದೀಯ. ಅದಕ್ಕೆ ನಾನು ಕೈ ಜೋಡಿಸಲ್ಲ."

ಅಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಉಸಿರು ತಹಬಂದಿಗೆ ತಂದುಕೊಂಡಳು. "ಯಾವಾಗ ಹೊರಡಬೇಕು ಅನ್ನೋದು ನನ್ನ ಕೈಲಿಲ್ಲ ಪುಟ್ಟಾ. ನಾನು ದೇವರ ಹತ್ತಿರ ಇನ್ನಷ್ಟು ವರ್ಷ ಕೊಡು ಅಂತ ಕೇಳ್ಲಿಲ್ಲ. ಇವನನ್ನ ಊಟಕ್ಕೆ ಎಬ್ಬಿಸೋರು ಯಾರು ಅಂತ ಕೇಳ್ತಾ ಇದೀನಿ, ದಿನಾ."

"ನಾನೇನು ಎಳೆಮಗುನಾ?"

"ಎಳೆಮಗು ಹಸಿವಾದ್ರೆ ಅಳತ್ತೆ. ನೀನು ಅದೂ ಮಾಡಲ್ಲ."

ಅವನು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅವನ ಮನಸ್ಸಿನಲ್ಲಿ ಯಾರಿಗೂ ಹೇಳಲಾಗದ ಒಂದು ಲೆಕ್ಕವಿತ್ತು. ತಾನು ಒಬ್ಬನೇ ಆಗುವ ದಿನಕ್ಕಾಗಿ ಬರಬೇಕಾದ ನಾಯಿ ಅದು. ನಾಯಿ ಬಾರದಿದ್ದರೆ ಆ ದಿನವೂ ಬರುವಂತಿಲ್ಲ. ಎಲ್ಲ ಸಿದ್ಧವಾಗುವ ತನಕ ಅಕ್ಕ ಯಾವ ಊರಿಗೂ ಹೊರಟವಳಲ್ಲ. ಕೂದಲು ನೆರೆತ ಮನುಷ್ಯ ಹೀಗೆಲ್ಲ ಯೋಚಿಸುತ್ತಾನೆಯೇ ಎಂದರೆ, ಯೋಚಿಸುತ್ತಾನೆ. ಪ್ರೀತಿ ಇರುವಲ್ಲಿ ಬುದ್ಧಿಗೆ ಅಷ್ಟಾಗಿ ವಯಸ್ಸಾಗುವುದಿಲ್ಲ.

ಕೆಲವು ದಿನ ಹೀಗೇ ಕಳೆಯಿತು. ಅಕ್ಕ ಕೂಗುವಳು, ಅವನು ಬಂದು ಉಂಡು ಹೋಗುವನು.

ಆಮೇಲೊಂದು ದಿನ ಒಂದು ಹಳೆಯ ಗೋಡೆ ಗಡಿಯಾರ ರಿಪೇರಿಗೆ ಬಂತು. ಒಳಗಿನ ಹಲ್ಲುಚಕ್ರವೊಂದು ಸವೆದುಹೋಗಿತ್ತು. ಅಂಥ ಚಕ್ರ ಈಗ ಎಲ್ಲೂ ಸಿಗುವುದಿಲ್ಲ, ಕೈಯಿಂದಲೇ ಉಜ್ಜಿ ಮಾಡಬೇಕು. ತಮ್ಮ ಬೆಳಿಗ್ಗೆ ಅರ ಹಿಡಿದು ಕೂತವನು ಒಂದೊಂದೇ ಹಲ್ಲನ್ನು ಹದಕ್ಕೆ ತರುತ್ತ ಮುಳುಗಿಹೋದ. ಕೊನೆಯ ಹಲ್ಲು ಸರಿಯಾಗಿ ಕೂತು ಚಕ್ರ ತಿರುಗಿದಾಗ ಬೆನ್ನು ನೆಟ್ಟಗೆ ಮಾಡಿದ. ಕಿಟಕಿಯ ಬೆಳಕು ಕೆಂಪಾಗಿತ್ತು. ಕಾಲು ಜೋಮು ಹಿಡಿದಿತ್ತು, ತಲೆ ತಿರುಗುತ್ತಿತ್ತು. ಗೋಡೆಯತ್ತ ನೋಡಿದ. ಒಂದು ಗಡಿಯಾರ ಹತ್ತು ಎನ್ನುತ್ತಿತ್ತು, ಇನ್ನೊಂದು ಮೂರು. ಅಕ್ಕ ಇನ್ನೂ ಊಟಕ್ಕೆ ಕರೆದಿಲ್ಲವಲ್ಲ?

ಹಾಗೆಂದುಕೊಂಡವನೇ ದಡಕ್ಕನೆ ಎದ್ದ. ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಅಡುಗೆಮನೆಗೆ ಓಡಿದ.

ಅಕ್ಕ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಎರಡು ತಟ್ಟೆ. ಎರಡರಲ್ಲೂ ಬಡಿಸಿದ್ದು ಹಾಗೇ ಇತ್ತು, ಮೇಲೆ ಒಣಗಿ ಕೆನೆಗಟ್ಟಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು, ಕಣ್ಣು ತೆರೆದಿತ್ತು.

"ಯಾಕೆ ಕರೀಲಿಲ್ಲ?" ಎಂದ.

"ನೀನಾಗೇ ಬರ್ತೀಯೇನೋ ನೋಡೋಣ ಅಂತ ಕೂತೆ," ಎಂದಳು ಅಕ್ಕ. "ಬಂದ್ರೆ ನಾಯಿ ಮಾತು ಬಿಟ್ಟುಬಿಡೋಣ ಅಂತ ಇದ್ದೆ."

ಪಕ್ಕದಲ್ಲಿ ಲೋಟದ ನೀರು, ಡಬ್ಬಿಯ ಮುಚ್ಚಳದಲ್ಲಿ ಊಟವಾದ ಮೇಲೆ ನುಂಗಬೇಕಾಗಿದ್ದ ಮಾತ್ರೆ. ಅವಳೂ ಉಂಡಿರಲಿಲ್ಲ, ಮಾತ್ರೆಯೂ ಹೋಗಿರಲಿಲ್ಲ. ತಮ್ಮ ಅದನ್ನು ನೋಡಿದ. ಎರಡೂ ತಟ್ಟೆಯ ಊಟವನ್ನು ಪಾತ್ರೆಗೆ ಸುರಿದು, ಒಲೆ ಹಚ್ಚಿ, ಬಿಸಿಮಾಡಿ ಬಡಿಸಿದ. ಅಕ್ಕ ಉಂಡಳು. ಅವನು ಅವಳ ಕೈಗೆ ಮಾತ್ರೆ ಇಟ್ಟು, ನುಂಗುವ ತನಕ ಪಕ್ಕದಲ್ಲೇ ನಿಂತಿದ್ದ.

"ತಳ ಹಿಡಿಸಿದೀಯ," ಎಂದಳು ಅಕ್ಕ.

"ಹೂಂ," ಎಂದ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಕ್ಲಿನಿಕ್ಕಿನ ಬಾಗಿಲು ತೆಗೆಯುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಒಬ್ಬನೇ ಬಂದದ್ದನ್ನು ಕಂಡು ಅವರ ಮುಖ ಕಳೆಗುಂದಿತು.

"ಅಕ್ಕ ಚೆನ್ನಾಗಿದಾಳೆ," ಎಂದ ಅವನು. "ಆ ಹೊಟ್ಟೆಬಾಕ ಇನ್ನೂ ಇದೆಯಾ?"

"ಇದೆ. ಆದ್ರೆ ಸರ್, ಇನ್ನೊಂದು ಸಲ ಯೋಚನೆ ಮಾಡಿ. ಗ್ರೇಹೌಂಡು ನಿಮ್ಮ ಕೆಲಸಕ್ಕೆ, ನಿಮ್ಮ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಪಾಡಿಗೆ ನೀವು, ಅದರ ಪಾಡಿಗೆ ಅದು."

"ಅದಕ್ಕೇ ಬೇಡ," ಎಂದ ತಮ್ಮ. "ಅದೂ ನಾನೂ ಒಬ್ಬರನ್ನೊಬ್ಬರು ನೋಡ್ಕೊಂಡು ಹಾಗೇ ಮಲಗಿಬಿಡ್ತೀವಿ. ಅಕ್ಕ ಹೋದ ಮೇಲೆ ನನ್ನನ್ನ ಎಬ್ಬಿಸೋದು ಬೇಕು."

ಅಕ್ಕ ಹೋದ ಮೇಲೆ. ಆ ಮೂರು ಮಾತನ್ನು ಅವನ ನಾಲಿಗೆ ಅಲ್ಲಿಯವರೆಗೆ ಆಡಿರಲಿಲ್ಲ. ಆಡಿದ ಮೇಲೂ ಬೆಳಗು ಹಾಗೇ ಇತ್ತು, ಹಿತ್ತಲಲ್ಲಿ ನಾಯಿಗಳು ಹಾಗೇ ಬೊಗಳುತ್ತಿದ್ದವು. ಡಾಕ್ಟರಮ್ಮ ಹಗ್ಗ ತರಲು ಒಳಗೆ ಹೋದರು.

ಬೀಗಲ್ ಮನೆಗೆ ಬಂದ ದಿನವೇ ಒಂದು ಚಪ್ಪಲಿಯನ್ನೂ ಅರ್ಧ ಬ್ರೆಡ್ಡನ್ನೂ ಮುಗಿಸಿತು. ತಮ್ಮ ಕೆಲಸದ ಮೇಜಿನ ಸುತ್ತ ಮರದ ಅಡ್ಡಗಟ್ಟೆ ಹಾಕಿಸಿದ, ಬಿಚ್ಚಿಟ್ಟ ಗಡಿಯಾರಗಳನ್ನೆಲ್ಲ ಗಾಜಿನ ಮುಚ್ಚಳದ ಕೆಳಗೆ ಸೇರಿಸಿದ. ಅಷ್ಟಾದರೂ ಕೂದಲು ಹೇಗೋ ಒಳಗೆ ನುಸುಳುತ್ತಿತ್ತು. ಅವನು ಗೊಣಗುತ್ತಿದ್ದ, ಬಯ್ಯುತ್ತಿದ್ದ. ಮೌನಿಯ ಮನೆಯಲ್ಲಿ ಇಷ್ಟು ಮಾತು ಎಲ್ಲಿಂದ ಬಂತೆಂದು ಗಿರಾಕಿಗಳು ಅಕ್ಕನನ್ನು ಕೇಳುತ್ತಿದ್ದರು.

ಮೊದಲ ವಾರ ಅಕ್ಕನೂ ಅವರ ಜೊತೆ ಬೀದಿಯ ತಿರುವಿನ ತನಕ ಹೋಗಿಬಂದಳು. ಆಮೇಲೆ ಬಾಗಿಲ ತನಕ. ಆಮೇಲೊಂದು ಸಂಜೆ, "ನೀವು ಹೋಗಿ ಬನ್ನಿ, ನನಗೆ ಸಾಕಾಗಿದೆ," ಎಂದು ಕೈಗಂಬಿ ಹಿಡಿದು ಮೆಲ್ಲಗೆ ಮಹಡಿಯ ಕೋಣೆಗೆ ಹತ್ತಿದಳು. ಕಿಟಕಿಯ ಬಳಿ ಬಂದು ಕೆಳಗೆ ನೋಡಿದಳು.

ನಾಯಿ ತಮ್ಮನನ್ನು ದರದರನೆ ಎಳೆದುಕೊಂಡು ಹೋಗಿ ಎದುರಿನ ಬ್ರೆಡ್ಡಿನ ಅಂಗಡಿ ಮುಂದೆ ನಿಂತಿತ್ತು. ಸರದಿಯಲ್ಲಿದ್ದ ಹೆಂಗಸೊಬ್ಬಳ ಚೀಲಕ್ಕೆ ಮೂತಿ ತೂರಿಸಿತು. ತಮ್ಮ ಹಗ್ಗ ಜಗ್ಗಿದ, ಕ್ಷಮೆ ಕೇಳಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಅಭ್ಯಾಸಬಲದಿಂದ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಇರಲಿ ಬಿಡಿ," ಎಂದಳು ಆ ಹೆಂಗಸು, ನಾಯಿಯ ಕಿವಿ ಸವರುತ್ತ. "ಏನು ಇದರ ಹೆಸರು?"

ಮಹಡಿಯ ಮೇಲೆ ಅಕ್ಕನ ಕೈ ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಹೆಸರಿನ್ನೂ ಇಟ್ಟಿಲ್ಲ," ಎಂದ ತಮ್ಮ. ತಡೆದು ತಡೆದು ಹೇಳಿದ. "ಕರೆಯೋಕೆ ಮುಂಚೇನೇ ಬಂದ್ಬಿಡತ್ತೆ. ಹೆಸರು ಯಾಕೆ ಅಂತ."

ಹೆಂಗಸು ನಕ್ಕಳು. ಅಂಗಡಿಯವನು ಬಾಗಿ ಇಣುಕಿ, "ಓಹೋ, ನಿಮ್ಮ ದನಿ ಹೀಗಿದೆಯಾ?" ಎಂದು ಬ್ರೆಡ್ಡಿನ ಅಂಚೊಂದನ್ನು ಮುರಿದು ನಾಯಿಗೆ ಹಾಕಿದ. ಅದನ್ನು ನುಂಗಿ ಆಗುವುದರೊಳಗೆ ನಾಯಿಗೆ ಇನ್ನೇನೋ ವಾಸನೆ ಬಡಿದು, ತಮ್ಮನನ್ನು ಬೀದಿಯ ತಿರುವಿನ ಕಡೆಗೆ ಎಳೆಯಿತು. ಅವನು ಮುಗ್ಗರಿಸುತ್ತ, ಏನನ್ನೋ ಬಯ್ಯುತ್ತ, ಅದರ ಹಿಂದೆ ಮರೆಯಾದ.

ಅವನು ಶಾಲೆಗೆ ಹೋದ ಮೊದಲ ದಿನದಿಂದ, ಎಲ್ಲಿಗೇ ಹೋಗಿರಲಿ, ತಿರುವಿನಲ್ಲಿ ತಮ್ಮನ ತಲೆ ಕಾಣುವ ತನಕ ಅಕ್ಕ ಕಿಟಕಿ ಬಿಟ್ಟು ಕದಲಿದವಳಲ್ಲ. ಈ ಸಂಜೆ ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಆಮೇಲೆ, ತಿರುವು ಇನ್ನೂ ಖಾಲಿ ಇರುವಾಗಲೇ, ಕಿಟಕಿಯ ಬಾಗಿಲನ್ನು ತಂಗಾಳಿಗೆಂದು ತೆರೆದೇ ಬಿಟ್ಟು, ಮಂಚದ ಬಳಿ ಬಂದು, ಹೊದಿಕೆ ಸರಿಸಿ ಮಲಗಿದಳು.